ಲೆಕ್ಕದ ಪುಸ್ತಕದಲ್ಲಿ ಮಿಲಿಂದ

ಅಪ್ಪ ಬಣ್ಣದ ಡಬ್ಬಗಳ ಲೆಕ್ಕ ಬರೆದಿಡುವ ಪುಸ್ತಕವನ್ನು
ತಲೆಕೆಳಗಾಗಿ ತಿರುಗಿಸಿ, ಹಿಂದಿನ ಹಾಳೆಯಿಂದ
ನಾನು ತಮ್ಮನ ಆಟ ಬರೆಯತೊಡಗಿದೆ.
ವರ್ಷ. ತಂಡ. ಪಂದ್ಯ. ಗೋಲು.
ಮೊದಲ ಸಾಲು ಹೀಗಿದೆ:
ಹನ್ನೊಂದನೇ ವಯಸ್ಸು. ಅಶೋಕಪುರಂ, ನಮ್ಮ ಬೀದಿ.
ಪಂದ್ಯ: ಲೆಕ್ಕವಿಲ್ಲ. ಗೋಲು: ಲೆಕ್ಕವಿಲ್ಲ.
ಒಡೆದ ಗಾಜು: ಎರಡು.

ವರ್ಕ್‌ಶಾಪಿನ ಸೈರನ್ ಕೂಗಿದರೆ ಹಾಫ್‌ಟೈಮ್,
ಚೆಂಡು ಕಾಣದಷ್ಟು ಕತ್ತಲಾದರೆ ಮುಗಿದಂತೆ.
ಎರಡು ಇಟ್ಟಿಗೆಯ ನಡುವೆ ಗೋಲು, ಮೇಲೆ ಪಟ್ಟಿಯಿಲ್ಲ,
ಗೋಲಿಯ ಕೈ ಎಟಕುವಷ್ಟೇ ಎತ್ತರ ಅಂತ ದಿನಾ ಜಗಳ.
ಫಿಟ್ಟರಾಗಿ ರಿಟೈರಾದ ಪುಟ್ಟಮಾದಯ್ಯ
ಕಲ್ಲುಬೆಂಚಿನ ಮೇಲಿಂದ ಅವ್ವನನ್ನು ಕರೆದು ಹೇಳಿದರು:
"ಇವನ ಎಡಗಾಲಿಗೆ ತಲೆಗಿಂತ ಬುದ್ಧಿ ಜಾಸ್ತಿ ಕಣಮ್ಮ."

ಹದಿನಾಲ್ಕಕ್ಕೆ ಅಕಾಡೆಮಿ.
ಸಂತೆಪೇಟೆಯಿಂದ ತಂದ ಟ್ರಂಕಿಗೆ ಅಪ್ಪ ನೀಲಿ ಬಳಿದ,
ಮೇಲೆ ಬಿಳಿಯಲ್ಲಿ ಹೆಸರು. ಹಸಿ ಆರಿರಲಿಲ್ಲ,
ರೈಲು ಹತ್ತುವಾಗ ಪ್ಯಾಂಟಿಗೆ ಒಂದು ತಿರುಗುಮುರುಗು 'ಮಿ'
ಮೆತ್ತಿಕೊಂಡು ಹೋಯಿತು.

ಹದಿನೆಂಟಕ್ಕೆ ಸಹಿ.
ಫೋಟೊದಲ್ಲಿ ನಾಲಿಗೆಯ ತುದಿ ಹೊರಗಿದೆ,
ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವವನ ಹಾಗೆ.
ಆ ವರ್ಷ: ಪಂದ್ಯ ಒಂದು. ನಿಮಿಷ ಎರಡು.
ಎಂಬತ್ತೆಂಟಕ್ಕೆ ಒಳಗೆ ಬಂದ, ಚೆಂಡು ಮುಟ್ಟಲಿಲ್ಲ.
ಒಂದು ಥ್ರೋ ಅವನತ್ತ ಬಂತು, ತಲೆಯ ಮೇಲೆ ಹಾದುಹೋಯಿತು.
ಬೀದಿಗೆ ಬೀದಿಯೇ ಫೋನಿನ ಸುತ್ತ. ಅವ್ವ ಮಾತ್ರ ಕೇಳಿದಳು,
"ಬೆವ್ರೇ ಬಂದಿಲ್ವಲ್ಲ, ಇದ್ಕೂ ಸಂಬಳ ಕೊಡ್ತಾರಾ?"

ಮರುವರ್ಷ ಫೋನಿನಲ್ಲಿ ಹೇಳಿದ, "ಲೋನ್ ಮೇಲೆ ಕಳಿಸ್ತಾವ್ರೆ."
ಅವ್ವ ಸೌಟು ಕೆಳಗಿಟ್ಟಳು. ಅವಳಿಗೆ ಗೊತ್ತಿದ್ದ ಲೋನು ಒಂದೇ,
ಮಂಗಳವಾರ ಸಂಘದವರು ಬಂದು ಜಗಲಿಯಲ್ಲಿ ಕೂರುವುದು.
"ಎಷ್ಟು ತಕ್ಕೊಂಡೆ? ಬಡ್ಡಿ ಎಷ್ಟು?"
"ನಾನು ತಕ್ಕೊಂಡಿಲ್ಲವ್ವ. ನನ್ನೇ ಕೊಟ್ಟವ್ರೆ."
ಆಮೇಲೆ ಎರಡೂ ಕಡೆ ಫ್ಯಾನಿನ ಸದ್ದು.

ಅಪ್ಪ ಗೋಡೆಗೊರಗಿದ್ದ ಏಣಿ ತೋರಿಸಿದ.
ನಮ್ಮ ಏಣಿ ನಮ್ಮಲ್ಲಿದ್ದದ್ದಕ್ಕಿಂತ
ಕಂಡವರ ಮನೆಯಲ್ಲಿ ನಿಂತದ್ದೇ ಹೆಚ್ಚು.
ಬರುವಾಗ ಒಂದು ಮೆಟ್ಟಿಲಿಗೆ ಯಾರದೋ ದೇವರಮನೆಯ ಹಳದಿ,
ಇನ್ನೊಂದಕ್ಕೆ ಯಾರದೋ ಅಂಗಡಿಯ ಹಸಿರು.
"ಒಯ್ದೋರು ಹತ್ತುದ್ರೆ ಸರಿ," ಅಂದ,
"ಹಿತ್ತಲಲ್ಲಿ ಹಂಗೇ ಮಲಗಿಸಿಬಿಟ್ರೆ ಗೆದ್ದಲು."

ಕಣ್ಣೂರು, ಎರವಲು: ಒಂಬತ್ತು ಪಂದ್ಯ, ಒಂದು ಗೋಲು.
ಆ ಗೋಲನ್ನು ನೂರು ಸಲ ನೋಡಿದ್ದೇನೆ.
ಎದುರಾಳಿಯ ಬೆನ್ನಿಗೆ ತಾಗಿ ಒಳಗೆ ಉರುಳಿದ್ದು,
ಇವನ ಲೆಕ್ಕಕ್ಕೇ ಬರೆದರು. ನಾನೂ ಬರೆದೆ.
ಜಲಂಧರ್, ಎರವಲು: ನಾಲ್ಕು, ಸೊನ್ನೆ. ಚಳಿ ಅಂದ.
ಶಿಲ್ಲಾಂಗ್, ಎರವಲು: ಬರೆದು ಹೊಡೆದುಹಾಕಿದೆ,
ಹೋಗುವ ಮೊದಲೇ ಮಂಡಿ ತಿರುಚಿತು.
ಮಂಡಿಗೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ಓರೆಯಾಗಿ ಬರೆದೆ.

ಇಪ್ಪತ್ತೆರಡಕ್ಕೆ ಎರಡು ಸಾಲಿನ ಮೇಲ್:
ಧನ್ಯವಾದ. ಶುಭವಾಗಲಿ.
ನೀಲಿ ಟ್ರಂಕು ವಾಪಸ್ಸು ಬಂತು,
'ಮಿ' ಪೂರಾ ಉದುರಿ 'ಲಿಂದ' ಉಳಿದಿತ್ತು.
ಕೇಳಿದವರಿಗೆಲ್ಲ "ರೆಸ್ಟಲ್ಲಿದ್ದೀನಿ" ಎಂದ.
ಆಮೇಲೆ ಕೇಳುವುದು ಬಿಟ್ಟರು,
ಅದನ್ನು ಅವನು ತಡೆದುಕೊಳ್ಳಲಾಗಲಿಲ್ಲ.

ಈಗ ಅಪ್ಪನ ಜೊತೆ ಕುವೆಂಪುನಗರದ ಒಂದು ಮನೆಗೆ
ಪ್ರೈಮರ್ ಹೊಡೆಯುತ್ತಾನೆ. ಏಣಿ ಹತ್ತುವಾಗಲೂ ಎಡಗಾಲೇ ಮೊದಲು.
ಹುಬ್ಬಳ್ಳಿಯಲ್ಲಿ ರೈಲ್ವೆ ಕೋಟಾದ ಟ್ರಯಲ್ ಇದೆಯಂತೆ,
ಅರ್ಜಿ ತುಂಬಿದ್ದಾನೋ ಇಲ್ಲವೋ ಹೇಳುತ್ತಿಲ್ಲ.
ನಿನ್ನೆ ಸೈರನ್ ಕೂಗುವ ಹೊತ್ತಿಗೆ ಬಾಗಿಲಲ್ಲಿ ಪುಟ್ಟ ಹುಡುಗರು:
"ಅಣ್ಣ, ನಮ್ ಕಡೆ ಒಬ್ಬ ಕಮ್ಮಿ."
ಸುಣ್ಣದ ಪಾದದಲ್ಲೇ ಎದ್ದು ಹೋದ.

ನಾನು ಪುಸ್ತಕ ತೆಗೆದೆ.
ಅಪ್ಪನ ಲೆಕ್ಕ ಆ ಕಡೆಯಿಂದ, ನನ್ನದು ಈ ಕಡೆಯಿಂದ ಬಂದು
ನಡುವೆ ಉಳಿದಿರುವುದು ಒಂದೇ ಹಾಳೆ.
ಇಪ್ಪತ್ತು ಲೀಟರ್ ಎಮಲ್ಷನ್ ಬರೆಯಬೇಕು ಅಂತ ಅಪ್ಪ ಕೈ ಚಾಚಿದ.
ಕೊಡಲಿಲ್ಲ.
ನೀನು ಹೊಸದು ತಂದ್ಕೊ, ಎಂದೆ.