ಎಲೆ ತಿರುವುವ ಹೊತ್ತು

ಮಹೋಬಾದಿಂದ ಝಾನ್ಸಿಗೆ ಹೊರಟ ಪ್ಯಾಸೆಂಜರ್ ಗಾಡಿ
ಆರು ಸಲ ಗಡಿ ದಾಟುತ್ತದೆ. ನನ್ನ ಬುಟ್ಟಿ ಕದಲುವುದಿಲ್ಲ.
ಹರಪಾಲ್‌ಪುರದಲ್ಲಿ ಮಧ್ಯಪ್ರದೇಶ, ಮೌರಾನೀಪುರದಲ್ಲಿ ಮತ್ತೆ ಉತ್ತರ,
ನಿವಾರಿಯಲ್ಲಿ ಮಧ್ಯ, ಬರುವಾಸಾಗರದಲ್ಲಿ ಉತ್ತರ.
ಎದುರು ಸೀಟಿನವನ ಮೊಬೈಲು ಪ್ರತಿ ಸಲವೂ
ಟಿಣ್ ಎಂದು ಸ್ವಾಗತ ಕೋರುತ್ತದೆ.
ಇಷ್ಟು ಸ್ವಾಗತ ನನಗೆ
ಗಂಡನ ಮನೆಯಲ್ಲೂ ಸಿಕ್ಕಿರಲಿಲ್ಲ.

ಇವತ್ತು ಕುಲಪಹಾಡದಲ್ಲಿ ಪುಷ್ಪೇಂದ್ರ ಹತ್ತಿದ,
ಕಂಕುಳಲ್ಲಿ ಪೋಸ್ಟ್‌ಕಾರ್ಡಿನ ಕಟ್ಟು.
"ನಮ್ಮ ಬುಂದೇಲಖಂಡ ನಮಗೆ ಬೇಕು ಅಂತ ಸಹಿ ಹಾಕಿ.
ದಿಲ್ಲಿಗೆ ಹೋಗುತ್ತೆ."
ಖರೆ ಮಾಸ್ತರರು ಕನ್ನಡಕ ಒರೆಸಿಕೊಂಡರು:
"ಮನೆ ಒಡೆದರೆ ಒಲೆ ಎರಡಾಗುತ್ತದೆ,
ಹಿಟ್ಟು ಎರಡಾಗುವುದಿಲ್ಲವಪ್ಪ.
ಹೊಸ ರಾಜ್ಯ ಅಂದರೆ ಹೊಸ ಕುರ್ಚಿ,
ಬೇತ್ವಾದ ಮರಳಿಗೆ ಹೊಸ ಒಡೆಯ."
"ಈಗಿನ ಒಡೆಯ ಯಾರು ಮಾಸ್ತರ್?
ನಮ್ಮ ಕಲ್ಲು ಅವರ ರಸ್ತೆಗೆ,
ನಮ್ಮ ಹುಡುಗರು ಅವರ ಇಟ್ಟಿಗೆ ಗೂಡಿಗೆ.
ಭೂಪಟ ಮಡಿಚುವ ಗೆರೆ ಇರುತ್ತಲ್ಲ,
ಮೊದಲು ಹರಿಯೋದು ಅಲ್ಲಿ.
ನಾವಿರೋದು ಆ ಗೆರೆಯ ಮೇಲೆ."

ಇಬ್ಬರೂ ನನ್ನ ಕಡೆ ತಿರುಗಿದರು,
ಗೇಂದಾ ಚೌರಸಿಯಾಳ ಒಂದು ವೋಟಿಗೆ
ದೇಶವೇ ಕಾದು ನಿಂತಂತೆ.

ನಾನೇನು ಹೇಳಲಿ. ನನಗೆ ಗೊತ್ತಿರುವುದು ಎಲೆ.
ಕಟ್ಟು ತೀರ ದೊಡ್ಡದಾದರೆ
ನಡುವಿನ ಎಲೆ ಬಿಸಿಯೇರಿ ಕೊಳೆಯುತ್ತದೆ,
ಮೇಲೆ ನೋಡಿದರೆ ಹಸಿರೋ ಹಸಿರು.
ತೀರ ಚಿಕ್ಕದು ಕಟ್ಟಿದರೆ
ಝಾನ್ಸಿ ಬರುವಷ್ಟರಲ್ಲಿ ಅಂಚೆಲ್ಲ ಒಣಗಿ ಚುರುಟು.
"ಹಾಗಾದರೆ ಎಷ್ಟು ಕಟ್ಟಬೇಕು?"
ಮಾಸ್ತರರು ಮಗ್ಗಿ ಕೇಳುವ ದನಿಯಲ್ಲಿ ಕೇಳಿದರು.
ಎಷ್ಟು ಕಟ್ಟಿದರೂ ಮಾಸ್ತರ್,
ದಿನಾ ಕೈಹಾಕಿ ತಿರುವಬೇಕು.
ತಿರುವುವ ಕೈಯೇ ಬರದಿದ್ದರೆ
ಹತ್ತೆಲೆಯಾದರೇನು, ಇನ್ನೂರಾದರೇನು.

ಎಲೆತೋಟದ ಚಪ್ಪರ ಸುಟ್ಟ ವರ್ಷ
ಪರಿಹಾರದ ಕಡತ ಲಖನೌಗೆ ಹೋಯಿತು.
ಹಿಂದೆಯೇ ನಾನೂ ಹೋದೆ, ಎರಡು ಸಲ, ಬುತ್ತಿ ಕಟ್ಟಿಕೊಂಡು.
ಮೂರನೇ ಸಲ ಗುಮಾಸ್ತ ತಲೆಯೆತ್ತಿ ಕೇಳಿದ:
"ಮಹೋಬಾ ಅಂದರೆ ಯಾವ ಕಡೆ ಬರುತ್ತಮ್ಮ?"

ಟಿಣ್. ಹರಪಾಲ್‌ಪುರ.
ಕಿಟಕಿಗೆ ಓಡಿ ಬಂದಳು ರಾಜಾಬೇಟಿ, ನನ್ನ ಮಗಳು,
ಸೊಂಟದ ಮೇಲೆ ಮೊಮ್ಮಗ.
ಇವಳನ್ನು ಕೊಟ್ಟದ್ದು ಗಾಡಿಯಲ್ಲಿ ಒಂದೂವರೆ ಗಂಟೆ ದೂರಕ್ಕೆ.
ಇಲ್ಲಿನ ಕಚೇರಿ, ಜಾತಿಪತ್ರ ತವರಿಂದ ತಾ ಅಂದಿತು.
ತವರಿನದು, ಮದುವೆಯಾಗಿ ಹೋದೆಯಲ್ಲ, ಅಲ್ಲೇ ಕೇಳು ಅಂದಿತು.
ಮೂರು ವರ್ಷ ಎರಡು ರಾಜ್ಯಗಳ ನಡುವೆ
ಯಾವ ಜಾತಿಯೂ ಇಲ್ಲದೆ ಬದುಕಿದಳು.
ಅದೊಂಥರ ಸುಖವೇ ಅಮ್ಮಾ, ಅನ್ನುತ್ತಾಳೆ ನಗುತ್ತ.
ಸ್ಕಾಲರ್‌ಶಿಪ್ ಮಾತ್ರ ಸಿಗಲಿಲ್ಲ.
ಎರಡು ನಿಮಿಷ. ಸರಳುಗಳ ನಡುವೆ ಎಲೆ ಕೊಟ್ಟೆ,
ಮಗುವಿನ ಕೆನ್ನೆ ಮುಟ್ಟುವಷ್ಟರಲ್ಲಿ ಗಾಡಿ ಹೊರಟಿತು.

"ಬೇಕು ಅಂತ ಬರೆಯಲಾ ಚಿಕ್ಕಮ್ಮ?" ಅಂದ ಪುಷ್ಪೇಂದ್ರ, ಮೆಲ್ಲಗೆ.
ಬರಿ. ಬೇಕು ಅಂತಲೇ ಬರಿ.
ಅದರ ಕೆಳಗೆ ಇದನ್ನೂ ಬರಿ:
ಹೊಸ ರಾಜಧಾನಿ ಎಲ್ಲಾದರೂ ಮಾಡಿಕೊಳ್ಳಿ,
ಮಹೋಬಾ ಯಾವ ಕಡೆ ಅಂತ ಗೊತ್ತಿರುವ
ಒಬ್ಬ ಗುಮಾಸ್ತನನ್ನು ಇಡಿ.
ಇನ್ನು ಹರಪಾಲ್‌ಪುರ ಯಾರ ಪಾಲಿಗೆ ಬರುತ್ತದೆ,
ಅದನ್ನು ಮೊದಲೇ ತಿಳಿಸಿ.

ಕಾರ್ಡಿನಲ್ಲಿ ಜಾಗ ಸಾಲಲಿಲ್ಲ.
ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತ ಹೋದ,
ಕೊನೆಯ ಸಾಲು ವಿಳಾಸದೊಳಗೆ ನುಗ್ಗಿತು.
ಕಾಚು ಹತ್ತಿದ ಹೆಬ್ಬೆಟ್ಟು ಒತ್ತಿದೆ.
ಮಾಸ್ತರರು ಕೈಚಾಚಿ ಒಂದೆಲೆ ಕೇಳಿದರು.
ಕಾಸು ಕೊಡಲಿಲ್ಲ.

ಒದ್ದೆ ಬಟ್ಟೆ ಸರಿಸಿ
ನಡುವಿನ ಎಲೆಗಳನ್ನು ಮೇಲಕ್ಕೆ ತಂದೆ.
ಟಿಣ್.