ಹೊಟ್ಟೆಗೆ ಕಿವಿಯಿಟ್ಟು

ಮುರ್ಗು ಸಂಜೆಯಿಂದ ಮೇವು ಮುಟ್ಟಿಲ್ಲ.
ತಿರುತಿರುಗಿ ತನ್ನದೇ ಪಕ್ಕೆ ನೋಡಿಕೊಳ್ಳುತ್ತದೆ,
ಒಳಗಿನಿಂದ ಯಾರೋ ಕರೆದ ಹಾಗೆ.

ಪರಾಸ್ಕಿವಾ ಅದರ ಹೊಟ್ಟೆಗೆ ಕಿವಿಯಿಟ್ಟಳು.
ಎಡಕ್ಕೆ ಸದ್ದಿಲ್ಲ. ಬಲಕ್ಕೂ ಇಲ್ಲ.
"ಮಲಗಲು ಬಿಡಬೇಡ. ಮಲಗಿದರೆ ಹೊರಳುತ್ತೆ,
ಹೊರಳಿದರೆ ಕರುಳು ಗಂಟು."

ಮಾರಾಮುರೆಶ್‌ನ ಇಳಿಜಾರಿನಲ್ಲಿ
ಹುಲ್ಲುಮೆದೆಗಳ ನಡುವೆ ನಡೆಸಿದೆವು, ನಡೆಸಿದೆವು.
ಶಾಜೀರಿಗೆ ಕುದಿಸಿದ ನೀರು, ಉಗುರುಬೆಚ್ಚಗೆ.
ಪ್ಲಮ್ ಸಾರಾಯಿ ಚಿಮುಕಿಸಿ
ಒಣಹುಲ್ಲಿನ ಹಿಡಿಯಿಂದ ಪಕ್ಕೆ ತಿಕ್ಕಿದಳು.
ಕಡಿವಾಣದ ಕೆಂಪು ಕುಚ್ಚು, ದೃಷ್ಟಿಗೆಂದು ಕಟ್ಟಿದ್ದು,
ಅದನ್ನೂ ಬಿಡದೆ ಬೈದಳು:
"ನೀನೇನು ನಿದ್ದೆ ಹೊಡೀತಿದ್ಯಾ?"
ಡಾಕ್ಟರು ಬರುವುದು ಬೆಳಿಗ್ಗೆ,
ಅದೂ ಸೇತುವೆ ಮುಳುಗದಿದ್ದರೆ.

ನಾಲ್ಕರ ಹೊತ್ತಿಗೆ ಗುಡುಗು.
ಮೋಡದ್ದಲ್ಲ.
ಬಾಲ ಎತ್ತಿತು. ಬಿತ್ತು ಲದ್ದಿ,
ಹಬೆಯಾಡುತ್ತ, ಐದಾರು ಉಂಡೆ.
ಒಂದನ್ನು ಎತ್ತಿ, ಮುರಿದು, ಮೂಸಿ
ಅದೇ ಕೈಯಲ್ಲಿ ಶಿಲುಬೆಯ ಗುರುತು ಹಾಕಿಕೊಂಡಳು.

ಆಮೇಲೆ ಬಂಡಿಯ ಮೂಕಿಯ ಮೇಲೆ ಕೂತು
ಉಳಿದ ಸಾರಾಯಿ ಅರ್ಧ ತನ್ನ ಮೊಣಕಾಲಿಗೆ ತಿಕ್ಕಿ
ಅರ್ಧ ನನಗೆ ಕೊಟ್ಟಳು.
ಮುರ್ಗು ಮೊದಲ ಎಸಳು ಕಡಿಯಿತು.
ಅದನ್ನೇ ಕೇಳಿದಳು:
"ಈಗ ನಾನು ಮಲಗಲಾ?"