ಉದಾಸೀನ ರೇಖೆ

ಮೂರೂವರೆಗೆ ಭಟ್ಟಿಯ ಒಲೆಗೆ ಹೊಟ್ಟು ಸುರಿಯುವ ಸದ್ದು.
ನಮ್ಮ ಓಣಿಗೆ ಕೋಳಿ ಬೇಡ.
ಮೊದಲ ಕೆಲಸ, ಮಗಳ ಮುಷ್ಟಿಯಿಂದ ದುಪಟ್ಟಾ ಬಿಡಿಸಿಕೊಳ್ಳುವುದು:
ಕಿರುಬೆರಳಿಂದ ಶುರು, ಒಂದೊಂದೇ,
ಹೆಬ್ಬೆರಳಿಗೆ ಬರುವಷ್ಟರಲ್ಲಿ
ಮೆಹಕ್ ಮತ್ತೆ ಹಿಡಿದಿರುತ್ತಾಳೆ.

ಕಾದ ಮರಳಿಗೆ ಅಕ್ಕಿ ಬಿದ್ದ ಮೇಲೆ ಯೋಚನೆಗೆ ಪುರುಸೊತ್ತಿಲ್ಲ,
ಜರಡಿ ಹಿಡಿಯಬೇಕು.
ಅರಳಿದ್ದು ಮೇಲೆ, ಮರಳು ಕೆಳಗೆ,
ಒಂದಿಷ್ಟು ಮಾತ್ರ ಯಾವ ಕಡೆಗೂ ಸೇರದೆ
ನನ್ನ ಉಗುರಿಗೆ, ಕಿವಿಯ ಸಂದಿಗೆ.
ಮಂಡಕ್ಕಿ ಮೂಟೆ ನನಗಿಂತ ಎತ್ತರ, ಎತ್ತಿದರೆ ಹಗುರ.
ಮೊಣಕಾಲೆತ್ತರದ ಮಗಳನ್ನು
ಹಸೀನಾಬಿ ಮನೆತನಕ ಹೊತ್ತರೆ
ಸೊಂಟ ಹೇಳುತ್ತದೆ ಯಾವುದು ಭಾರ ಅಂತ.

ಒಂಬತ್ತು ಹತ್ತರ ಬಸ್ಸು, ತೋಳಹುಣಸೆ.
ಶೂನ್ಯ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟು
ಕಂಡಕ್ಟರ್ ಅನ್ನುತ್ತಾನೆ, ‘ಮಲ್ಕಳ್ರಿ ಅಕ್ಕಾ’.
ಯೂನಿವರ್ಸಿಟಿ ಗೇಟಿಗೆ ಎಬ್ಬಿಸುವವನೂ ಅವನೇ.

ಓಂಕಾರಪ್ಪ ಸರ್ ಬೋರ್ಡಿನ ಮೇಲೆ ಬಾಗಿದ ಗೆರೆ ಎಳೆದರು.
ಎರಡು ಸರಕು. ಅದು ಹೆಚ್ಚಿದರೆ ಇದು ಕಮ್ಮಿ,
ಗೆರೆಯ ಮೇಲೆ ಎಲ್ಲಿ ನಿಂತರೂ ತೃಪ್ತಿ ಒಂದೇ.
ಇದಕ್ಕೆ ಉದಾಸೀನ ರೇಖೆ ಅಂತಾರೆ.

‘ಸರ್, ಮೂರಿದ್ದರೆ?’

‘ಮೂರಾದರೆ ಬೋರ್ಡಿನ ಮೇಲೆ ಹಿಡಿಯಲ್ಲ ಕಣಮ್ಮಾ.
ಸಿಲಬಸ್‌ನಲ್ಲೂ ಇಲ್ಲ.’
ಕ್ಲಾಸು ನಕ್ಕಿತು. ನಾನೂ ನಕ್ಕೆ,
ನಗುವಾಗ ಆಕಳಿಕೆ ಬಂತು.

ಅಸೈನ್‌ಮೆಂಟ್ ಕೊಡುವ ಹಿಂದಿನ ರಾತ್ರಿ ಅವಳಿಗೆ ಜ್ವರ.
ಒದ್ದೆ ಬಟ್ಟೆ ಹಿಂಡಿ ಬರುವುದರೊಳಗೆ ಎದ್ದು ಕೂತು,
ಕೆಂಪು ಕ್ರೆಯಾನಿನಲ್ಲಿ, ನನ್ನ ನಕ್ಷೆಯ ಮೂಲೆಯಿಂದ
ಎರಡೂ ಅಕ್ಷ ಬಿಟ್ಟು ನಡುವೆ ಹಾಯ್ದು
ಹಾಳೆ ಮುಗಿದದ್ದೂ ತಿಳಿಯದೆ
ಚಾಪೆಯ ಮೇಲೂ ಒಂದು ಗೇಣು ಎಳೆದಿದ್ದಳು.
ಇನ್ನೊಂದು ಹಾಳೆ ಬರೆಯಲು ಮೂರೂವರೆ ಬಿಡಲಿಲ್ಲ.
ಹಾಗೇ ಕೊಟ್ಟೆ.

ಹತ್ತು ದಿನಕ್ಕೆ ವಾಪಸ್ಸು ಬಂತು.
ಹತ್ತಕ್ಕೆ ಏಳು.
ಪಿನ್ನು ಬಿಚ್ಚಿದರೆ ಚಿಟಿಕೆ ಮರಳು.
ಕೆಂಪು ಗೆರೆಯ ಪಕ್ಕ ಸರ್ ಹಸಿರು ಇಂಕಿನಲ್ಲಿ
ದೊಡ್ಡದೊಂದು ಪ್ರಶ್ನಾರ್ಥಕ ಹಾಕಿದ್ದರು,
ಅಷ್ಟೆ, ಬೈದಿರಲಿಲ್ಲ.

ಮೆಹಕ್ ಅದರ ಮೇಲೆ ಬೆರಳಿಟ್ಟು, ‘ಕಿವಿ’ ಅಂದಳು.
ಕೆಳಗಿನ ಚುಕ್ಕೆ ತೋರಿಸಿ,
‘ಓಲೆ ಬಿದ್ದೋಯ್ತು.’

ಆಮೇಲೆ ನನ್ನ ಕಿವಿ ಮುಟ್ಟಿ ನೋಡಿದಳು.
ಫೀಜಿನ ರಸೀದಿ ಬಂದ ದಿನದಿಂದ
ಅಲ್ಲಿ ಮರಳಷ್ಟೇ.